ಮೇಲ್ದುಟಿಯ ಪೊರೆ: ಅವಸರದ ಶಸ್ತ್ರಕ್ರಿಯೆ ಸಲ್ಲದು

ಎಳೆಯ ಮಗುವಿನ ಮೇಲ್ದುಟಿಯನ್ನು ಮೆಲ್ಲನೆ ಎತ್ತಿ ನೋಡಿದರೆ, ತುಟಿಯ ಒಳಮೈಯನ್ನು ಒಸಡಿಗೆ ಕೂಡಿಸುವ ತೆಳುವಾದ ಪೊರೆಯೊಂದು ನಟ್ಟನಡುವೆ ಕಾಣುತ್ತದೆ. ಮನುಷ್ಯರಿಗೆಲ್ಲ ಸಹಜವಾದ ಈ ಪೊರೆ ಕೊಂಚ ದಪ್ಪವಾಗಿಯೋ ಬಾಚಿಹಲ್ಲುಗಳ ಸಂದಿನವರೆಗೆ ಇಳಿದೋ ಇದ್ದಲ್ಲಿ ಅದನ್ನು ‘ಲಿಪ್ ಟೈ’ ಎಂದು ಕರೆದು, ಮೊಲೆಯುಣ್ಣಲು ತೊಡಕಾದೀತು, ಹಲ್ಲು ಹುಳುಕಾದೀತು, ಮುಂದೆ ಹಲ್ಲುಗಳ ನಡುವೆ ಸಂದು ಉಳಿದೀತು ಎಂಬ ಭೀತಿಯಿಂದ, ಒಂದೆರಡು ವರ್ಷದ ಕೂಸನ್ನು ಲೇಸರ್ ಚಿಕಿತ್ಸೆಗೆ ಒಡ್ಡುವ ಪರಿಪಾಠ ಈಚೆಗೆ ಹಬ್ಬಿದೆ. ಪೊರೆಯ ಆಕಾರವನ್ನಷ್ಟೇ ಕಂಡು ಹೀಗೆ ಕತ್ತರಿಸುವುದು ಯುಕ್ತವಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 100 ನವಜಾತ ಶಿಶುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಯೊಂದು ಶಿಶುವಿನಲ್ಲೂ ಪೊರೆಯಿದ್ದು, ಬಹುಪಾಲು ಶಿಶುಗಳಲ್ಲಿ ಅದು ಒಸಡಿನ ಅಂಚಿನವರೆಗೂ ಇಳಿದಿತ್ತು. ಪ್ರಚಲಿತ ವರ್ಗೀಕರಣವನ್ನು ಅನುಸರಿಸಿ ಅದರ ದರ್ಜೆಯನ್ನು ನಿರ್ಣಯಿಸುವಲ್ಲಿ ಪರೀಕ್ಷಕರಲ್ಲಿಯೇ ಏಕಾಭಿಪ್ರಾಯ ಮೂಡಲಿಲ್ಲ. ಅಳೆಯುವವರಲ್ಲೇ ಸಹಮತವಿಲ್ಲದ ಲಕ್ಷಣವೊಂದನ್ನು ಆಧರಿಸಿ ಶಸ್ತ್ರಕ್ಕೆ ಕೈಹಾಕುವುದು ವಿವೇಕವೆನಿಸದು. ಆ ದೇಶದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿಯೂ 2020ರ ತನ್ನ ಸಮ್ಮತ ಹೇಳಿಕೆಯಲ್ಲಿ ಶಿಶುಗಳಿಗೆ ಈ ಪೊರೆ ಸಹಜವಾದುದೆಂದೇ ಒಪ್ಪಿದೆ.

ಹಲ್ಲಿನ ಸಂದಿನ ವಿಷಯದಲ್ಲಿ ಕಾಲವೇ ವೈದ್ಯ. ಹಾಲುಹಲ್ಲುಗಳ ನಡುವೆ ಸಂದಿರುವುದು ದೋಷವಲ್ಲ. ಮುಂದೆ ಬರಲಿರುವ ಅಗಲವಾದ ಹಲ್ಲುಗಳಿಗೆ ಬೇಕಾದ ಅವಕಾಶವದು. ದವಡೆಯ ಎಲುಬು ಬೆಳೆದಂತೆ ಪೊರೆಯ ಬುಡ ಮೇಲಕ್ಕೆ ಸರಿಯುತ್ತದೆ. ಏಳೆಂಟನೆಯ ವರ್ಷಕ್ಕೆ ಬರುವ ಶಾಶ್ವತ ಬಾಚಿಹಲ್ಲುಗಳ ನಡುವೆ ಸಂದು ಕಂಡರೂ, 11-12ರ ವಯಸ್ಸಿನಲ್ಲಿ ಕೋರೆಹಲ್ಲುಗಳು ಹೊರಬಂದು ಒತ್ತರಿಸುವಾಗ ಅನೇಕರಲ್ಲಿ ಅದು ತಾನಾಗಿಯೇ ಮುಚ್ಚಿಹೋಗುತ್ತದೆ. ಹಾಗೂ ಉಳಿದಲ್ಲಿ ಮೊದಲು ತಂತಿ ಕಟ್ಟಿ ಹಲ್ಲುಗಳನ್ನು ಹತ್ತಿರ ತಂದು, ತರುವಾಯ ಪೊರೆಯನ್ನು ತೆಗೆಯತಕ್ಕುದು. ಮೊದಲೇ ಕತ್ತರಿಸಿದರೆ ಗಾಯದ ಕಲೆಗಟ್ಟಿದ ಅಂಗಾಂಶ ಹಲ್ಲುಗಳ ಕೂಡುವಿಕೆಗೆ ತಾನೇ ಅಡ್ಡಿಯಾಗಬಹುದು.

ಹುಳುಕಿಗೆ ಮುಖ್ಯ ಕಾರಣ ಪೊರೆಯಲ್ಲ. ಸಿಹಿಯೂ, ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಲಗಿಸುವ ರೂಢಿಯೂ, ಉಜ್ಜದೆ ಬಿಟ್ಟ ಹಲ್ಲೂ ಅದರ ಮೂಲ. ಮಗುವಿನ ತಲೆಯನ್ನು ಮಡಿಲಲ್ಲಿಟ್ಟು, ತೋರುಬೆರಳನ್ನು ಪೊರೆಯ ಮೇಲೆ ಅಡ್ಡಲಾಗಿರಿಸಿ ತುಟಿಯನ್ನೆತ್ತಿ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿದ ಮೆತ್ತನೆಯ ಬ್ರಶ್ಶಿನಿಂದ ಇಕ್ಕೆಲಗಳನ್ನೂ ಉಜ್ಜಿದರೆ, ಬ್ರಶ್ಶು ಪೊರೆಗೆ ತಗಲದು, ಮಗು ನೋವೆಂದು ತಲೆ ಕೊಡವದು. ಆಟವಾಡುತ್ತ ಬಿದ್ದಾಗ ಪೊರೆ ಹರಿದು ರಕ್ತ ಬಂದರೂ, ಶುದ್ಧವಾದ ಬಟ್ಟೆಯಿಂದ ತುಟಿಯನ್ನು ಕೆಲವು ನಿಮಿಷ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಹೊಲಿಗೆಯೂ ವಿರಳವಾಗಿಯೇ ಬೇಕಾಗುತ್ತದೆ.

ಹಾಗೆಂದು ಚಿಕಿತ್ಸೆ ಎಂದಿಗೂ ಬೇಡವೆಂಬುದು ವಾದವಲ್ಲ. ಪೊರೆಯ ಸೆಳೆತದಿಂದ ಒಸಡು ಹಲ್ಲಿನಿಂದ ಕಳಚುತ್ತಿದ್ದರೆ, ಯತ್ನಪಟ್ಟರೂ ತುಟಿಯೆತ್ತಿ ಶುಚಿಗೊಳಿಸಲು ಆಗದಿದ್ದರೆ, ಮಕ್ಕಳ ದಂತವೈದ್ಯರ ಸಲಹೆ ಪಡೆಯಬೇಕು. ಮೊಲೆಯುಣ್ಣಲು ತೊಡಕಿದ್ದಲ್ಲಿ ಮಗುವನ್ನು ಹಿಡಿಯುವ ಬಗೆಯನ್ನು ಮೊದಲು ತಿದ್ದಿ ನೋಡಬೇಕು. ಶಸ್ತ್ರಕ್ರಿಯೆಯ ಮಾತು ಬಂದಾಗ ತಾಯ್ತಂದೆಗಳು ಕೇಳತಕ್ಕ ಪ್ರಶ್ನೆ ಎರಡು: ಈ ಪೊರೆ ಇಂದು ಮಗುವಿನ ಯಾವ ಕಾರ್ಯಕ್ಕೆ ಅಡ್ಡಿಯಾಗಿದೆ? ಕಾದರೆ ಆಗುವ ಹಾನಿಯೇನು? ಇವೆರಡಕ್ಕೂ ಸ್ಪಷ್ಟವಾದ ಉತ್ತರ ದೊರೆಯದಿದ್ದಲ್ಲಿ, ನೋವು, ರಕ್ತಸ್ರಾವ, ಉಣ್ಣಲು ಅಂಜಿಕೆ ಇವುಗಳನ್ನು ಹಸುಳೆಯ ಮೇಲೆ ಹೊರಿಸುವ ಹಕ್ಕು ವೈದ್ಯರಿಗೂ ಇಲ್ಲ, ಹೆತ್ತವರಿಗೂ ಇಲ್ಲ.