ಸೈನಿಕನ ಕಾಯಿಲೆಗೆ ಕಳ್ಳ ತಕ್ಕಡಿ

ನಿಗಡಿಯ ಮಗ್ಗುಲಲ್ಲಿಯೇ ದೇಹೂ ರೋಡ್ ದಂಡು ಪ್ರದೇಶವಿದೆ. ಸ್ವಲ್ಪ ಮುಂದೆ ದಾಪೋಡಿಯ ಸೈನಿಕ ಇಂಜಿನಿಯರಿಂಗ್ ಕಾಲೇಜು, ಖಡಕಿಯ ಮದ್ದುಗುಂಡು ಕಾರ್ಖಾನೆ, ವಾನವಡಿಯ ಕಮಾಂಡ್ ಆಸ್ಪತ್ರೆ ಇವೆ. ಸೈನಿಕರಿಗೆ ಕೃತಕ ಕೈಕಾಲು ಜೋಡಿಸುವ ಕೇಂದ್ರವು ಪುಣೆಯಲ್ಲಿ 1944ರಷ್ಟು ಹಿಂದೆಯೇ ಆರಂಭವಾಯಿತು. ಕಾಲು ಕಳೆದುಕೊಂಡು ಬಂದ ಯೋಧನನ್ನು ಗುರುತಿಸಿ ಗೌರವಿಸುವುದು ಈ ನಗರಕ್ಕೆ ತಿಳಿದಿದೆ. ಆದರೆ ರಕ್ತದೊತ್ತಡ, ಮಧುಮೇಹ, ಅಪಸ್ಮಾರ, ಮನೋರೋಗಗಳನ್ನು ಹೊತ್ತು ಸೇನೆಯಿಂದ ಹಿಂದಿರುಗಿದವನ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ ಅಂಗವೈಕಲ್ಯ ಪಿಂಚಣಿಯ ಕಡತದಲ್ಲಿ ಒಂದೇ ಸಾಲು ಬರೆದಿರುತ್ತದೆ: ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಸೈನಿಕರು ಇದನ್ನು ‘ನಾನಾ’ ಎನ್ನುತ್ತಾರೆ.

ಕಾರಣ ಕೊಡದೆ ಬರೆದ ಈ ಸಾಲು ಕಾನೂನಿಗೆ ಸಮ್ಮತವಲ್ಲ. ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿದ ಧರಮ್‌ವೀರ್ ಸಿಂಗ್ ಎಂಬ ಯೋಧನನ್ನು ಅಪಸ್ಮಾರದ ಕಾರಣಕ್ಕೆ, ಶೇಕಡಾ 20ರಷ್ಟು ವೈಕಲ್ಯವೆಂದು ನಮೂದಿಸಿ, 1994ರಲ್ಲಿ ಮನೆಗೆ ಕಳುಹಿಸಲಾಯಿತು. ಪಿಂಚಣಿ ನಿರಾಕರಿಸಲಾಯಿತು. ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿತು: ಸೇರ್ಪಡೆಯ ವೇಳೆ ಕಾಯಿಲೆಯ ನಮೂದು ಇಲ್ಲದಿದ್ದರೆ ಸೈನಿಕನು ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು; ಕಾಯಿಲೆಗೆ ಸೇವೆ ಕಾರಣವಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು; ಸಂದೇಹದ ಲಾಭ ಸೈನಿಕನಿಗೆ ಸಲ್ಲಬೇಕು. ವೈದ್ಯಕೀಯ ಮಂಡಳಿಯ ಅಭಿಪ್ರಾಯಕ್ಕೆ ಹೆಚ್ಚಿನ ಮನ್ನಣೆ ನೀಡಿದ ತೀರ್ಪುಗಳೂ ಇವೆ, ನಿಜ. ಆದರೆ ಅಭಿಪ್ರಾಯವೆಂದರೆ ಕಾರಣಸಹಿತವಾದದ್ದು. ರಾಜುಮೋನ್ ಪ್ರಕರಣದಲ್ಲಿ, 2025ರ ಮೇ ತಿಂಗಳಿನಲ್ಲಿ, ಅದೇ ನ್ಯಾಯಾಲಯವು ಮಂಡಳಿಯು ಕಾರಣಗಳನ್ನು ದಾಖಲಿಸಲೇಬೇಕೆಂದು ಮತ್ತೆ ಹೇಳಬೇಕಾಯಿತು.

ಹೀಗೆ ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದೇ ಈ ವ್ಯವಸ್ಥೆಯ ಮೇಲಿನ ಆರೋಪಪಟ್ಟಿ. ರಕ್ಷಣಾ ಸಚಿವರಾಗಿದ್ದ ಮನೋಹರ್ ಪರ್ರಿಕರ್ ಅವರು 2015ರಲ್ಲಿ ವ್ಯಾಜ್ಯಗಳನ್ನು ಕಡಿಮೆ ಮಾಡಲೆಂದೇ ತಜ್ಞರ ಸಮಿತಿ ನೇಮಿಸಿದ್ದರು. ಹತ್ತು ವರ್ಷ ಕಳೆದ ಮೇಲೂ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಗೆದ್ದ ಸೈನಿಕರ ವಿರುದ್ಧ ಕೇಂದ್ರ ಸರ್ಕಾರ ಹೂಡಿದ್ದ ಸುಮಾರು 300 ಅರ್ಜಿಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಒಟ್ಟಾಗಿ ತಳ್ಳಿಹಾಕಿತು. ಸರ್ಕಾರದ ವಕೀಲರಿಗೆ ಸಂಬಳ ಕೊಡುವುದು ಬೊಕ್ಕಸ. ಸೈನಿಕನ ವಕೀಲನಿಗೆ ಶುಲ್ಕ ಕೊಡುವುದು ಅದೇ ಸೈನಿಕನ ಮೊಟಕಾದ ಪಿಂಚಣಿ. ಪುಣೆಯವನು ಮುಂಬಯಿ ಪೀಠಕ್ಕೆ ಅಲೆಯಬೇಕು. ಬೆಂಗಳೂರಿನಲ್ಲಂತೂ ಪೀಠವೇ ಇಲ್ಲ.

ಮೊತ್ತವನ್ನಾದರೂ ನೋಡಬೇಕು. ನೂರಕ್ಕೆ ನೂರು ವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30ರಷ್ಟು ಸಲ್ಲುತ್ತದೆ. ಐವತ್ತಕ್ಕಿಂತ ಕಡಿಮೆ ಇರುವ ವೈಕಲ್ಯವನ್ನು ಐವತ್ತೆಂದು ಎಣಿಸುವ ಸೌಲಭ್ಯವನ್ನು, ಅವಧಿ ಮುಗಿಸಿ ನಿವೃತ್ತರಾದವರಿಗೂ ರಾಮ್ ಅವತಾರ್ ಪ್ರಕರಣದ 2014ರ ತೀರ್ಪು ವಿಸ್ತರಿಸಿತು. ಕೊನೆಯ ವೇತನ 40,000 ರೂಪಾಯಿ ಇದ್ದ ಹವಾಲ್ದಾರನೊಬ್ಬನಿಗೆ ಶೇಕಡಾ 20ರ ವೈಕಲ್ಯವಿದ್ದರೆ, ಈ ಲೆಕ್ಕದಲ್ಲಿ ತಿಂಗಳಿಗೆ 6,000 ರೂಪಾಯಿ ಬರಬೇಕು. ವರ್ಷಕ್ಕೆ 72,000, ಹತ್ತು ವರ್ಷಕ್ಕೆ, ತುಟ್ಟಿ ಪರಿಹಾರ ಬಿಟ್ಟೇ, 7,20,000. ಸರ್ಕಾರಕ್ಕೆ ಇದು ಕಡತದ ಒಂದು ಸಾಲು. ಆ ಮನೆಗೆ ಇದು ಮಗಳ ಓದು, ಔಷಧಿಯ ಅಂಗಡಿಯ ಬಾಕಿ.

ಕೈಗೆ ಬಂದವರನ್ನೂ ಎರಡಾಗಿ ಒಡೆಯಲಾಯಿತು. ಅಂಗವೈಕಲ್ಯ ಪಿಂಚಣಿಯ ಆದಾಯ ತೆರಿಗೆ ವಿನಾಯಿತಿ, ವೈಕಲ್ಯದಿಂದಾಗಿ ಅವಧಿಗೆ ಮುನ್ನವೇ ಸೇವೆಯಿಂದ ಹೊರಬಿದ್ದವರಿಗೆ ಮಾತ್ರ ಎಂದು ನೇರ ತೆರಿಗೆ ಮಂಡಳಿಯ 13ನೆಯ ಸುತ್ತೋಲೆ 2019ರ ಜೂನ್‌ನಲ್ಲಿ ಸಾರಿತು. ಅಂದರೆ ಕಾಯಿಲೆಯೊಡನೆಯೇ ಕರ್ತವ್ಯ ಪೂರೈಸಿ, ಅವಧಿ ಮುಗಿಸಿ ಬಂದವನು ತೆರಿಗೆ ತೆರಬೇಕು! ನಿಷ್ಠೆಯಿಂದ ದುಡಿದದ್ದೇ ಅವನ ಅಪರಾಧವಾಯಿತು. ಅವಧಿ ಮುಗಿಸಿದವರಿಗೆ ಸಲ್ಲುವುದಕ್ಕೆ 2023ರ ನಿಯಮಗಳು ಹೆಸರನ್ನೇ ಬದಲಿಸಿ ‘ಇಂಪೇರ್‌ಮೆಂಟ್ ರಿಲೀಫ್’ ಎಂದವು. ಹಕ್ಕು ಈಗ ಪರಿಹಾರವಾಯಿತು.

ಸರ್ಕಾರದ ಪರ ವಾದವೂ ಇದೆ. ನಿವೃತ್ತರಾಗುವ ಅಧಿಕಾರಿಗಳಲ್ಲಿ ಸುಮಾರು ಶೇಕಡಾ 36ರಿಂದ 40 ಮಂದಿ ಅಂಗವೈಕಲ್ಯ ಪಿಂಚಣಿಯೊಡನೆ ಹೋಗುತ್ತಾರೆ, ಕೆಳಗಿನ ದರ್ಜೆಯವರಲ್ಲಿ ಶೇಕಡಾ 15ರಿಂದ 18 ಮಾತ್ರ ಎಂದು ಮಹಾಲೇಖಪಾಲರ ವರದಿ 2023ರಲ್ಲಿ ಎತ್ತಿ ತೋರಿತು; ಜೀವನಶೈಲಿಯ ಕಾಯಿಲೆಗಳ ಪಾಲನ್ನೂ ಪ್ರಶ್ನಿಸಿತು. ದುರುಪಯೋಗವಿದ್ದರೆ ತನಿಖೆ ನಡೆಯಲಿ, ಸುಳ್ಳು ಹೇಳಿದವನ ಪದವಿ ನೋಡದೆ ಶಿಕ್ಷೆಯಾಗಲಿ. ಆದರೆ ಆ ಅಂಕಿಗಳೇ ಇನ್ನೊಂದು ಮಾತನ್ನೂ ಹೇಳುತ್ತವೆ. ಗಡಿಯಲ್ಲಿ ಹೆಚ್ಚು ಸವೆಯುವ ಜವಾನನಿಗಿಂತ, ಕಡತದ ದಾರಿ ಬಲ್ಲ ಅಧಿಕಾರಿಗೆ ಇದು ಹೆಚ್ಚು ದಕ್ಕುತ್ತಿದೆ. ಮೇಲಿನವನ ದುರಾಸೆಗೆ ಕೆಳಗಿನವನ ಹಕ್ಕನ್ನು ಕತ್ತರಿಸುವುದು ಸುಧಾರಣೆಯಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟ ಕಾವಲು, ಕುಟುಂಬದಿಂದ ದೂರವಿರುವ ಬಾಳು, ರಜೆ ಸಿಗದ ಚಿಂತೆ, ಇವನ್ನು ಸೈನಿಕನು ‘ಜೀವನಶೈಲಿ’ಯಾಗಿ ಆರಿಸಿಕೊಂಡದ್ದಲ್ಲ.

ಅಹಿಂಸೆಯನ್ನು ನಂಬಿದ ಜೈನ ಸಮಾಜಕ್ಕೆ ಸೇನೆಯ ಗೊಡವೆ ಏಕೆ ಎಂದು ಕೆಲವು ಶ್ರಾವಕರು ಕೇಳಬಹುದು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. ಗೃಹಸ್ಥನಿಗೆ ರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ ನೋಡುವ ವಿವೇಕ ಜೈನ ಆಚಾರದಲ್ಲಿಯೇ ಇದೆ. ಅದಕ್ಕೂ ಮಿಗಿಲಾಗಿ, ಇಲ್ಲಿ ಪ್ರಶ್ನೆ ಯುದ್ಧದ್ದಲ್ಲ, ಅಚೌರ್ಯದ್ದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಎಣಿಸುತ್ತದೆ: ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ಸೇರಿಸಿಕೊಳ್ಳುವಾಗ ‘ಸಂಪೂರ್ಣ ಆರೋಗ್ಯವಂತ’ ಎಂದು ತೂಗಿ, ಬಿಟ್ಟುಕಳುಹಿಸುವಾಗ ‘ಕಾಯಿಲೆ ನಿನ್ನ ದೇಹದ್ದೇ’ ಎಂದು ತೂಗುವ ರಾಜ್ಯದ ಕೈಯಲ್ಲಿರುವುದು ಈ ಕಳ್ಳ ತಕ್ಕಡಿಯೇ. ತಕ್ಕೋಲದ ಕಾಳಗದಲ್ಲಿ ಹೋರಾಡಿದ ಮಣಲೆರನಿಗೆ ಗಂಗ ಬೂತುಗನು ಬಾಳ್ಗಚ್ಚಾಗಿ ಊರನ್ನೇ ಕೊಟ್ಟದ್ದನ್ನು ಹತ್ತನೆಯ ಶತಮಾನದ ಆತಕೂರು ಶಾಸನ ದಾಖಲಿಸಿದೆ. ಯೋಧನ ಋಣ ದಯೆಯಲ್ಲ, ಲೆಕ್ಕ ಎಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ.

ಸಮಾಜವೂ ತನ್ನ ತಕ್ಕಡಿಯನ್ನು ನೋಡಿಕೊಳ್ಳಬೇಕು. ಬೆಳಗಾವಿ, ಸಾಂಗಲಿ, ಕೊಲ್ಹಾಪುರಗಳ ಕೃಷಿಕ ಜೈನ ಮನೆಗಳಿಂದ ಸೇನೆಗೆ ಹೋದವರಿದ್ದಾರೆ. ಅಭಿಷೇಕದ ಸವಾಲಿನಲ್ಲಿ ಲಕ್ಷಗಳನ್ನು ಕೂಗುವವರಿಗೆ, ಅದೇ ಬಸದಿಯ ಹಿಂದಿನ ಸಾಲಿನಲ್ಲಿ ಕುಳಿತ ಮಾಜಿ ಸೈನಿಕನ ಅರ್ಜಿ ಎಲ್ಲಿ ನಿಂತಿದೆ ಎಂಬುದು ತಿಳಿಯದು. ಕಾಯಿಲೆ ಮಾನಸಿಕವಾಗಿದ್ದರೆ, ಮಗಳ ಸಂಬಂಧ ಕೆಟ್ಟೀತೆಂದು ಮನೆಯವರೇ ಕಡತವನ್ನು ಟ್ರಂಕಿನಲ್ಲಿ ಮುಚ್ಚಿಡುತ್ತಾರೆ. ಆ ಮೌನಕ್ಕೂ ಬೆಲೆಯಿದೆ. ತಾರಸೇಮ್ ಸಿಂಗ್ ಎಂಬ ಯೋಧ 1983ರಲ್ಲಿ ಸೇವೆಯಿಂದ ಹೊರಬಿದ್ದು 1999ರಲ್ಲಿ ನ್ಯಾಯಾಲಯಕ್ಕೆ ಹೋದಾಗ ಹಕ್ಕು ಉಳಿಯಿತು. ಆದರೆ ಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗಷ್ಟೇ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸೀಮಿತಗೊಳಿಸಿತು.

ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದ್ದು ವಿದ್ಯೆಯನ್ನು ಬಡವನ ಮನೆಗೂ ಮುಟ್ಟಿಸುವ ಹಂಬಲದಿಂದ. ಇಂದು ಲೆಕ್ಕಪರಿಶೋಧಕರಿಗೂ ವಕೀಲರಿಗೂ ವೈದ್ಯರಿಗೂ ಈ ಸಮಾಜದಲ್ಲಿ ಕೊರತೆಯಿಲ್ಲ. ಪ್ರತಿ ಊರಿನ ಬಸದಿಯಲ್ಲಿ ತಿಂಗಳಿಗೊಂದು ಭಾನುವಾರ ಮೂವರು ಕುಳಿತರೆ ಸಾಕು: ಸೇರ್ಪಡೆಯ ವೈದ್ಯಕೀಯ ದಾಖಲೆ, ಬಿಡುಗಡೆ ಮಂಡಳಿಯ ವರದಿ, ನಿರಾಕರಣೆಯ ಪತ್ರ, ಈ ಮೂರನ್ನು ಓದಿ ಮೇಲ್ಮನವಿ ಬರೆದುಕೊಡಲು. ಜೈನನೇ ಆಗಿರಬೇಕೆಂಬ ನಿಬಂಧನೆಯೂ ಬೇಡ. ಇನ್ನು ಸರ್ಕಾರ ಮಾಡಬೇಕಾದದ್ದು ಇನ್ನೂ ಸರಳ. ಕಾರಣ ಬರೆಯದ ನಿರಾಕರಣೆಗಳನ್ನು ತಾನೇ ಮರುಪರಿಶೀಲಿಸಲಿ, ಇತ್ಯರ್ಥವಾದ ಪ್ರಶ್ನೆಗಳಲ್ಲಿ ಸೈನಿಕನ ಮೇಲೆ ಮೇಲ್ಮನವಿ ಹೂಡುವುದನ್ನು ನಿಲ್ಲಿಸಲಿ, 2019ರ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಲಿ. ಮತ ಕೇಳಲು ನಿಗಡಿಗೆ ಬರುವ ಪ್ರತಿಯೊಬ್ಬ ಅಭ್ಯರ್ಥಿಗೂ ಮತದಾರರು ಈ ಮೂರು ಪ್ರಶ್ನೆಗಳನ್ನು ಕೇಳಬೇಕು. ಯೋಧರ ಹೆಸರಿನಲ್ಲಿ ಚಪ್ಪಾಳೆ ಗಿಟ್ಟಿಸುವವರು ಯೋಧನ ಬಾಕಿಗೂ ಉತ್ತರ ಕೊಡಲಿ.