ಅರ್ಧ ನದಿಯ ವರದಿ

ಸಕಲೇಶಪುರದ ಬೆಟ್ಟಗಳ ಮೇಲೆ ಬಿದ್ದ ಮಳೆಗೆ ಎರಡು ದಾರಿ. ಪೂರ್ವಕ್ಕೆ ಇಳಿದದ್ದು ಹೇಮಾವತಿಯಾಗಿ ಗೊರೂರಿನ ಅಣೆಕಟ್ಟೆಯನ್ನು ತುಂಬಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕಾಲುವೆ ಹಿಡಿದು ಅರಕಲಗೂಡು, ಚನ್ನರಾಯಪಟ್ಟಣಗಳ ಹೊಲಕ್ಕೂ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಎತ್ತಿನಹೊಳೆ ಮೊದಲಾದ ಹಳ್ಳಗಳಾಗಿ ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಕರಾವಳಿಯ ಗೊಡವೆ ಹಾಸನಕ್ಕೇಕೆ ಎನ್ನುವವರು ಈ ಎರಡನೆಯ ದಾರಿಯನ್ನು ಕಂಡವರಲ್ಲ.

ಆ ದಾರಿಯ ನೀರಿನಲ್ಲಿ 24 ಟಿ.ಎಂ.ಸಿ.ಯನ್ನು ಎತ್ತಿ ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವುದೇ ಎತ್ತಿನಹೊಳೆ ಯೋಜನೆ. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು 2023ರಲ್ಲಿ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯಾಯಿತು. ನಮ್ಮ ಕೈಗೆ ಬಂದ ವರದಿಗಳಲ್ಲಿ ವೇದಿಕೆಯ ಮೇಲಿದ್ದವರ ಹೆಸರುಗಳಿಗೆ ಕೊರತೆಯಿರಲಿಲ್ಲ. ಅಂದಾಜು ಮೂರು ಪಾಲಿನ ಹತ್ತಿರಕ್ಕೆ ಬೆಳೆದದ್ದು ಹೇಗೆಂಬ ಪ್ರಶ್ನೆ ಮಾತ್ರ ಇರಲಿಲ್ಲ. ಕುಡಿಯುವ ನೀರಿನ ಯೋಜನೆಯೆಂದು ಹೆಸರಿಟ್ಟರೆ 2006ರ ಅಧಿಸೂಚನೆಯ ಪರಿಸರ ಅನುಮತಿ ಬೇಡವೆಂಬ ವಾದವನ್ನು ಓದುಗನಿಗೆ ಬಿಡಿಸಿ ಹೇಳಿದವರೆಷ್ಟು ಮಂದಿ?

ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಅಲ್ಲಿಯ ಬಡವನನ್ನೂ ಉಳ್ಳಾಲದ ಮೀನುಗಾರನನ್ನೂ ಎದುರುಬದುರು ನಿಲ್ಲಿಸಿ ಮೋಜು ನೋಡುವುದು ನಮ್ಮ ಕೆಲಸವಲ್ಲ. ಆದರೆ ನದಿ ಕಡಲಿಗೆ ಹೋದರೆ ನೀರು ವ್ಯರ್ಥವಾಯಿತೆಂಬ ಪುಢಾರಿಗಳ ಮಾತನ್ನು ಹಾಗೆಯೇ ಅಚ್ಚು ಹಾಕುವುದು ವರದಿಯಲ್ಲ. ನದಿ ಹೊತ್ತೊಯ್ಯುವ ಮರಳು ದಡವನ್ನು ಕಾಯುತ್ತದೆ. ಅದರ ಸಿಹಿನೀರೂ ಸಾರವೂ ಅಳಿವೆಯಲ್ಲಿ ಮೀನುಮರಿಗಳನ್ನು ಸಾಕುತ್ತವೆ. ಶಿರಾಡಿ ಘಾಟಿ ಹತ್ತಿ ನಮ್ಮ ಸಂತೆಗೆ ಬರುವ ಬಂಗುಡೆ, ಬೂತಾಯಿಗಳ ಬೆಲೆ ಏರಿದರೆ ನಷ್ಟ ಯಾರಿಗೆ? ಗಿರಣಿಯ ಕೂಲಿಯ ತಟ್ಟೆಗೆ, ಬುಟ್ಟಿಯಿಟ್ಟು ಮಾರುವವಳ ಗಂಟಿಗೆ.

ತಪ್ಪನ್ನೆಲ್ಲ ವರದಿಗಾರನ ತಲೆಗೆ ಕಟ್ಟುವುದು ಅನ್ಯಾಯ. ನಾವು ಹಿಂದೆ ಮಾಸ್ತರಿಕೆ ಮಾಡಿದವರು. ಕಲಿಸದ ಪಾಠಕ್ಕೆ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಬಾರದೆಂದು ಬಲ್ಲೆವು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಆರಂಭಿಸಿದರು. ಅಂದಿನಿಂದ ಪದವೀಧರರು ಹೆಚ್ಚಿದ್ದಾರೆ. ತಾಲ್ಲೂಕಿನ ಬಾತ್ಮೀದಾರನಿಗೆ ಮಾತ್ರ ಯೋಜನಾ ವರದಿ ಓದುವುದನ್ನು ಕಲಿಸಿದವರಿಲ್ಲ. ಸುದ್ದಿಗೆ ಪುಡಿಗಾಸು, ಜಾಹೀರಾತು ತಂದರೆ ಕಮಿಷನ್ನು—ಇದು ಅವನ ಬಾಳು. ಜಾಹೀರಾತು ಕೊಟ್ಟ ಗುತ್ತಿಗೆದಾರನನ್ನು ಅವನು ಪ್ರಶ್ನಿಸುವುದೆಂತು?

ಆದ್ದರಿಂದ ನಾವು ಕೇಳುವುದಿಷ್ಟು. ಮಾಧ್ಯಮ ಅಕಾಡೆಮಿಯೂ ವಿಶ್ವವಿದ್ಯಾನಿಲಯಗಳೂ ಬೆಂಗಳೂರು ಬಿಟ್ಟು ಹಾಸನ, ಮಂಗಳೂರುಗಳಲ್ಲಿ ಶಿಬಿರ ನಡೆಸಲಿ. ಹಾಸನದ ವರದಿಗಾರ ಉಳ್ಳಾಲದಲ್ಲಿ ಕಡಲ ಕೊರೆತವನ್ನು ನೋಡಲಿ. ಮಂಗಳೂರಿನವನು ಗೊರೂರಿಗೆ ಬಂದು, 1979ರಲ್ಲಿ ಮುಗಿದ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರ ಮಾತು ಕೇಳಲಿ. ಶಿಬಿರದ ದಿನಗಳ ಕೂಲಿ ಅವರಿಗೆ ಸಿಗಲಿ. ಆ ಹಣ ಗುತ್ತಿಗೆದಾರರಿಂದಾಗಲಿ ಬಂದರಿನ ಧಣಿಗಳಿಂದಾಗಲಿ ಬರಕೂಡದು. ಯೋಜನೆಯ ಕಾಗದಪತ್ರಗಳೆಲ್ಲ ಕನ್ನಡದಲ್ಲಿ ಸಿಗಲಿ.

ಮಿತ್ರರೇ, ಪತ್ರಿಕೆಗೆ ಕಾಸು ಕೊಡುವವರು ನೀವು. ನದಿಯ ಅರ್ಧವನ್ನಷ್ಟೇ ತೋರಿಸುವ ವರದಿಗೆ ಪೂರ್ತಿ ಬೆಲೆ ಏಕೆ ತೆರುತ್ತೀರಿ? ಕೇಳಿ.