ಹಲ್ಲಿಯೂ ಹಳ್ಳಿಯೂ ಒಂದೇನಾ ಸ್ವಾಮಿ?

ಕನ್ನಡದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಸಂಶೋಧನಾ ಪೇಪರ್‌ಗಳನ್ನು ತೆಗೆದು ನೋಡಿ. ಎಷ್ಟೋ ಪೇಪರ್‌ಗಳಲ್ಲಿ ಕನ್ನಡದ ಒಂದೇ ಒಂದು ಅಕ್ಷರ ಇರೋದಿಲ್ಲ. ಶೀರ್ಷಿಕೆಯಲ್ಲಿ ಕನ್ನಡದ ಹೆಸರಿದೆ, ಸಾರಾಂಶದಲ್ಲಿ ಕನ್ನಡದ ಹಿರಿಮೆ ಇದೆ, ಉದಾಹರಣೆ ಕೊಡುವ ಜಾಗಕ್ಕೆ ಬಂದ ಕೂಡಲೇ ಎಲ್ಲ ರೋಮನ್ ಲಿಪಿ. ಮದುವೆ ಮನೇಲಿ ಮದುಮಗನನ್ನೇ ಚಪ್ಪರದ ಹೊರಗೆ ನಿಲ್ಲಿಸಿದ ಹಾಗೆ. ಯಾಕೆ ಅಂತ ಕೇಳಿದರೆ ಉತ್ತರ ರೆಡಿ: 'ಟೆಂಪ್ಲೇಟ್‌ನಲ್ಲಿ ಕನ್ನಡ ಬರಲ್ಲ ಗುರು.'

ಬರುತ್ತೆ. ಬರಲ್ಲ ಅನ್ನೋದು ಸೋಮಾರಿತನಕ್ಕೆ ನಾವು ಇಟ್ಟುಕೊಂಡಿರೋ ಮರ್ಯಾದಸ್ತ ಹೆಸರು.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಪಿಎಚ್‌ಡಿ ಗಿಎಚ್‌ಡಿ ಇಲ್ಲ, ಬಿಇ ಅಷ್ಟೇ. ಗೆಳೆಯನೊಬ್ಬನ ಜೊತೆ ಸೇರಿ ವೀಕೆಂಡ್‌ಗಳಲ್ಲಿ ಕನ್ನಡದ ಕಾಗುಣಿತ ತಿದ್ದುವ ಪುಟ್ಟ ತಂತ್ರಾಂಶವೊಂದನ್ನು ಮಾಡಿದ್ದೀವಿ. ಜನ ಮಾತಾಡಿದ ಹಾಗೇ ಟೈಪ್ ಮಾಡಿದಾಗ ಲ-ಳ ಎಲ್ಲಿ ಅದಲು ಬದಲಾಗುತ್ತೆ, ಶ-ಷ ಎಲ್ಲಿ ಕಲಸಿಹೋಗುತ್ತೆ, ಹಕಾರ ಎಲ್ಲಿ ಹಾರಿಹೋಗುತ್ತೆ ಅನ್ನೋದೇ ಅದರ ವಿಷಯ. ಭಾರತೀಯ ಭಾಷೆಗಳ ಕುರಿತ ವರ್ಕ್‌ಶಾಪ್ ಒಂದಕ್ಕೆ ನಾಲ್ಕು ಪುಟದ ಪೇಪರ್ ಕಳಿಸಿದ್ವಿ, ಆಯ್ಕೆಯಾಯಿತು. ಕೊನೆಯ ಪ್ರತಿ ಸಿದ್ಧ ಮಾಡುವ ಹೊತ್ತಿಗೆ ಸಂಘಟಕರ ಮೇಲ್: ಇಂಗ್ಲಿಷೇತರ ಅಕ್ಷರಗಳನ್ನೆಲ್ಲ ರೋಮನ್‌ಗೆ ಬದಲಾಯಿಸಿ, ಫಾರ್ಮ್ಯಾಟ್ ಏಕರೂಪವಾಗಿರಲಿ. ಬರೆದವರು ಅಮೆರಿಕದವರಲ್ಲ, ನಮ್ಮ ದೇಶದವರೇ.

ಬದಲಾಯಿಸಿ ನೋಡಿದ್ವಿ. ನಮ್ಮ ಎರಡನೇ ಟೇಬಲ್‌ನಲ್ಲಿ ಎಡಗಡೆ ಬಳಕೆದಾರ ಟೈಪ್ ಮಾಡಿದ ತಪ್ಪು ಪದ, ಬಲಗಡೆ ತಂತ್ರಾಂಶ ಸೂಚಿಸಿದ ಸರಿ ಪದ. ಎಡಗಡೆ 'ಹಲ್ಲಿ', ಬಲಗಡೆ 'ಹಳ್ಳಿ'. ಎಡಗಡೆ 'ವಿಷೇಶ', ಬಲಗಡೆ 'ವಿಶೇಷ'. ಎಡಗಡೆ 'ಹುಲಿ ಸಾರು', ಬಲಗಡೆ 'ಹುಳಿ ಸಾರು'. ಎಲ್ಲರೂ ಬರೆಯುವ ಮಾಮೂಲಿ ರೋಮನ್‌ಗೆ ಹಾಕಿದ ಮೇಲೆ ಎರಡೂ ಕಾಲಂನಲ್ಲಿ ಅದೇ ಎಚ್, ಅದೇ ಎ, ಅದೇ ಎರಡು ಎಲ್, ಅದೇ ಐ. ಹಲ್ಲಿಯನ್ನು ಹಲ್ಲಿ ಅಂತಲೇ ತಿದ್ದುವ ಮಹಾನ್ ತಂತ್ರಾಂಶವೊಂದನ್ನು ಕಂಡುಹಿಡಿದಿದ್ದೇವೆ ಅಂತ ಲೋಕಕ್ಕೆ ಸಾರಿದ ಹಾಗಾಯ್ತು. ಫಾರ್ಮ್ಯಾಟ್ ಮಾತ್ರ ಬಹಳ ಏಕರೂಪವಾಗಿತ್ತು.

ಎಲ್ ಕೆಳಗೆ ಚುಕ್ಕಿ ಇಡಿ, ಐಎಸ್‌ಒ 15919 ಅನ್ನೋ ಮಾನಕ ಇದೆಯಲ್ಲ ಅಂತ ತಿಳಿದವರು ಹೇಳ್ತಾರೆ. ಇದೆ, ಚೆನ್ನಾಗೇ ಇದೆ. ಕನ್ನಡ ಓದಲು ಬಾರದ ಭಾಷಾವಿಜ್ಞಾನಿಗೆ ಅದು ಬೇಕು, ಪಕ್ಕದಲ್ಲಿ ಕೊಡೋಣ. ಅರ್ಥವನ್ನೂ ಕೊಡೋಣ. ನನ್ನ ತಕರಾರು ರೋಮನ್ ಬರೋದಕ್ಕಲ್ಲ, ಕನ್ನಡ ಹೋಗೋದಕ್ಕೆ. ನಮ್ಮ ಟೇಬಲ್ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಬಲ್ಲವರು ಕನ್ನಡ ಬಲ್ಲವರು ಮಾತ್ರ. ನಮ್ಮೂರಿನ ಹೈಸ್ಕೂಲ್ ಮೇಷ್ಟ್ರು ಒಂದು ಸಲ ಕಣ್ಣಾಡಿಸಿ, 'ಇದನ್ಯಾಕೆ ತಪ್ಪು ಅಂತ ಹಾಕಿದೀಯ ಕಣಯ್ಯಾ, ನಮ್ ಕಡೆ ಅನ್ನೋದೇ ಹಂಗೆ' ಅಂತ ನಮ್ಮ ಕಿವಿ ಹಿಂಡಬಲ್ಲರು. ಅವರ ಕೈಗೆ ಚುಕ್ಕಿ, ಗೆರೆ, ಕೊಕ್ಕೆಗಳ ರೋಮನ್ ಕೊಟ್ಟರೆ ಸ್ವಂತ ಭಾಷೆಯನ್ನು ಓದೋಕೆ ಅವರು ಹೊಸದಾಗಿ ಇನ್ನೊಂದು ಅಕ್ಷರಾಭ್ಯಾಸ ಮಾಡಬೇಕು. ಅಂದರೆ ಯಾರು ನಮ್ಮ ತಪ್ಪು ಹಿಡಿಯಬಹುದೋ ಅವರನ್ನೇ ಹೊರಗಿಟ್ಟು ನಾವು ಸಂಶೋಧನೆ ಮಾಡ್ತಿದ್ದೀವಿ.

ಈಗ ಆ 'ಬರಲ್ಲ'ದ ಕಥೆ. ಇಂಥ ಪೇಪರ್‌ಗಳನ್ನು ಹೆಚ್ಚಾಗಿ ಲೇಟೆಕ್‌ನಲ್ಲಿ ಬರೀತಾರೆ. ಎಲ್ಲರೂ ಬಳಸುವ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಅಕ್ಷರ ತಿನ್ನಿಸಿದರೆ, ಈ ಯುನಿಕೋಡ್ ಅಕ್ಷರಕ್ಕೆ ನನ್ನಲ್ಲಿ ಏರ್ಪಾಡಿಲ್ಲ ಅಂತ ಎರರ್ ಉಗುಳುತ್ತೆ ನಿಜ. ಅಲ್ಲಿಗೇ ನಮ್ಮವರು ಕೈಚೆಲ್ಲಿ ಕೂರ್ತಾರೆ. ಕನ್ನಡ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ. ಯುನಿಕೋಡನ್ನು ನೇರವಾಗಿ ಓದುವ ಝೀಟೆಕ್ ಬಂದಿದ್ದು 2004ರಲ್ಲಿ. ಕಂಪೈಲರನ್ನು ಝೀಲೇಟೆಕ್‌ಗೆ ಬದಲಾಯಿಸಿ, ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ, ನೋಟೊ ಸ್ಯಾನ್ಸ್ ಕನ್ನಡ ಥರದ ಒಂದು ಫಾಂಟ್ ಹೆಸರಿಸಿ, ಸ್ಕ್ರಿಪ್ಟ್ ಕನ್ನಡ ಅಂತ ತಿಳಿಸಿ. ಆ ಕೊನೆಯದನ್ನು ಬಿಟ್ಟರೆ ಒತ್ತಕ್ಷರ ಒತ್ತಾಗದೆ ಬಿಡಿಬಿಡಿಯಾಗಿ ನಿಲ್ಲುತ್ತೆ. 'ಸ್ತ್ರೀ', 'ರಾಷ್ಟ್ರ' ಥರದ ಪದಗಳ ಒತ್ತು ಕೆಳಗಿನ ಸಾಲಿಗೆ ಕಾಲು ಚಾಚುತ್ತೆ, ಅಳತೆಯನ್ನು 0.9ಕ್ಕೆ ಇಳಿಸಿದರೆ ತೆಪ್ಪಗಾಗುತ್ತೆ. ಒಂದು ಟೀ ಕುಡಿಯೋ ಹೊತ್ತಿನ ಕೆಲಸ. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಮೀಟಿಂಗ್ ಮಾಡ್ತೀವಿ.

ಚೀನೀ ಭಾಷೆಯ ಮೇಲೆ ಕೆಲಸ ಮಾಡುವವರು ಇದೇ ಥರದ ಸಮ್ಮೇಳನಗಳ ಪೇಪರ್‌ಗಳಲ್ಲಿ ತಮ್ಮ ಅಕ್ಷರಗಳನ್ನೇ ಹಾಕ್ತಾರೆ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಡ್ತಾರೆ. ಅವರನ್ನು ಯಾರೂ ಅನ್‌ಪ್ರೊಫೆಷನಲ್ ಅನ್ನಲ್ಲ. ಅಷ್ಟು ದೂರ ಯಾಕೆ, 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಕಿಟೆಲ್ ನಿಘಂಟನ್ನು ಅಚ್ಚು ಹಾಕಿದಾಗ ಕನ್ನಡ ಪದ, ಇಂಗ್ಲಿಷ್ ಅರ್ಥ ಎರಡೂ ಒಂದೇ ಪುಟದಲ್ಲಿ ಕೂತಿದ್ದವು. ಸೀಸದ ಮೊಳೆ ಜೋಡಿಸಿ ಅವರು ಮಾಡಿದ್ದನ್ನು ಹದಿನಾರು ಜಿಬಿ ರ‍್ಯಾಮ್ ಇಟ್ಟುಕೊಂಡು ನಾವು ಆಗಲ್ಲ ಅಂತೀವಿ. ಇನ್ನು ಟೆಕ್ ಹುಟ್ಟಿದ ಕಥೆಯೇ ಬೇರೆ. ಡೊನಾಲ್ಡ್ ಕ್ನುತ್ ತನ್ನ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫ್ ನೋಡಿ, ಅಕ್ಷರ ಚೆಂದ ಬಂದಿಲ್ಲ ಅಂತ ಬೇಜಾರಾಗಿ 1977ರಲ್ಲಿ ಕಟ್ಟೋಕೆ ಶುರುಮಾಡಿದ ವ್ಯವಸ್ಥೆ ಅದು. ತನ್ನ ಅಕ್ಷರದ ಅಂದಕ್ಕಾಗಿ ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ್ದನ್ನು ನೆಪ ಮಾಡಿಕೊಂಡು ನಾವು ನಮ್ಮ ಅಕ್ಷರ ಅಳಿಸ್ತೀವಿ.

ಕೆಲವರು ಜಾಣರು, ಕನ್ನಡ ಪದದ ಸ್ಕ್ರೀನ್‌ಶಾಟ್ ತೆಗೆದು ಅಂಟಿಸ್ತಾರೆ. ಹುಡುಕಿದರೆ ಸಿಗಲ್ಲ, ಕಾಪಿ ಮಾಡಿದರೆ ಬರಲ್ಲ, ಪ್ರಿಂಟ್ ತೆಗೆದರೆ ಮಸಿ ಮೆತ್ತಿದ ಹಾಗೆ. ಅದು ಅಕ್ಷರ ಅಲ್ಲ, ಅಕ್ಷರದ ಪಾಸ್‌ಪೋರ್ಟ್ ಸೈಜ್ ಫೋಟೋ.

ಹೊರಗಿನವರನ್ನು ಬೈದು ಮನೆಯವರನ್ನು ಬಿಡೋ ಹಾಗಿಲ್ಲ. ನಮ್ಮ ಕಾಲೇಜುಗಳ ಕನ್ನಡ ವಿಚಾರ ಸಂಕಿರಣಗಳ ಕರೆಯೋಲೆ ನೋಡಿದ್ದೀರಾ? 'ಪ್ರಬಂಧವನ್ನು ನುಡಿಯಲ್ಲಿ ಟೈಪಿಸಿ ಕಳಿಸತಕ್ಕದ್ದು' ಅಂತ ಈಗಲೂ ಕೇಳುವವರಿದ್ದಾರೆ. ಹಳೆಯ ನುಡಿ ಫಾಂಟಿನ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕೊಂಬು ಬಾಲ ಮೊಳೆತ ಇಂಗ್ಲಿಷ್ ಅಕ್ಷರಗಳ ಸಂತೆ. ಅದರೊಳಗೆ ಕನ್ನಡ ಇದೆ ಅಂತ ಯಾವ ಸರ್ಚ್ ಎಂಜಿನ್‌ಗೂ ಗೊತ್ತಾಗಲ್ಲ. ನುಡಿ, ಬರಹ ಎರಡೂ ಅವುಗಳ ಕಾಲದಲ್ಲಿ ದೊಡ್ಡ ಉಪಕಾರ ಮಾಡಿವೆ, ಋಣ ಇದೆ. ಆದರೆ ಆ ಹಳೆಯ ಎನ್‌ಕೋಡಿಂಗ್ ಹಿಡಿದುಕೊಂಡು ಪ್ರಬಂಧ ಸಂಪುಟ ತರೋದು ಅಂದರೆ ಅಚ್ಚಾದ ದಿನವೇ ಅದನ್ನು ಹೂಳೋದು.

ಹೆಸರಿನ ಕಾಲಂ ವಿಷಯ ಎತ್ತಿದರೆ ಇನ್ನೊಂದು ಲೇಖನ ಆಗುತ್ತೆ. ನಮ್ಮೂರಲ್ಲಿ ಯಾರಿಗೂ ಸರ್‌ನೇಮ್ ಇಲ್ಲ. ಊರಿನ ಇನಿಶಿಯಲ್, ಅಪ್ಪನ ಇನಿಶಿಯಲ್, ಆಮೇಲೆ ಹೆಸರು. ಫಾರ್ಮ್ ಮಾತ್ರ ಲಾಸ್ಟ್ ನೇಮ್ ಕೊಡದೆ ಮುಂದಕ್ಕೆ ಬಿಡಲ್ಲ. ಅಪ್ಪನ ಹೆಸರು ಹಾಕಿದೆ. ಈಗ ಉಲ್ಲೇಖಗಳಲ್ಲಿ ಬರೋದು ನಾನಲ್ಲ, ಜೀವಮಾನವೆಲ್ಲ ರಾಗಿ ಬೆಳೆದ ನಮ್ಮಪ್ಪ. ಅವರಿಗೇನೋ ಖುಷಿಯೇ.

ಸಂಘಟಕರಿಗೆ ನಾನು ಬರೆದ ಉತ್ತರ ಎರಡೇ ಸಾಲು: ರೋಮನ್ ಮಾಡಿದ ಟೇಬಲ್ ಲಗತ್ತಿಸಿದ್ದೇನೆ, ಎಡ ಬಲ ಕಾಲಂಗಳ ನಡುವಿನ ವ್ಯತ್ಯಾಸ ದಯವಿಟ್ಟು ತೋರಿಸಿಕೊಡಿ. ಮರುಮಾತು ಬಂದಿಲ್ಲ. ಗಡುವು ಇರೋದು 'ಎನಿವೇರ್ ಆನ್ ಅರ್ಥ್' ಲೆಕ್ಕದಲ್ಲಿ, ಅಲ್ಲಿಯ ರಾತ್ರಿ 11:59 ಅಂದರೆ ನಮ್ಮ ಗಡಿಯಾರಕ್ಕೆ ಮರುದಿನ ಸಂಜೆ 5:29. ಅಷ್ಟರೊಳಗೆ ಫೈಲ್ ಅಪ್‌ಲೋಡ್ ಮಾಡ್ತೀನಿ, ಕನ್ನಡ ಅಕ್ಷರಗಳ ಸಮೇತ. ಪಕ್ಕದಲ್ಲಿ ರೋಮನ್ನೂ ಇರುತ್ತೆ, ಚುಕ್ಕಿ ಇಟ್ಟು.